ಹೊಲದ ಬದುವಿನ ಕಳೆ, ಕಾಡುಗಿಡ ಮತ್ತು ಜೇನು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳನ್ನು ಮುಖ್ಯವಾಗಿ ಕರ್ನಾಟಕದ ಬಯಲುಸೀಮೆಯ ಹೊಲಗಳನ್ನು, ಅಂದರೆ ರಾಗಿ, ತೊಗರಿ, ಅವರೆ, ಸೂರ್ಯಕಾಂತಿ ಮತ್ತು ತರಕಾರಿ ಬೆಳೆಯುವ ಜಮೀನುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಬದುವನ್ನು ಮುಟ್ಟಲೇಬೇಡಿ ಎಂದು ಹೇಳುವುದು ಇವುಗಳ ಉದ್ದೇಶವಲ್ಲ. ಯಾವ ಗಿಡವನ್ನು, ಯಾವ ತಿಂಗಳಲ್ಲಿ, ಎಷ್ಟು ಭಾಗದಲ್ಲಿ, ಯಾವ ವಿಧಾನದಿಂದ ತೆಗೆಯುತ್ತೇವೆ ಎಂಬುದರ ಮೇಲೆ ಅಲ್ಲಿನ ಗಿಡಗಳ ಮತ್ತು ಕೀಟಗಳ ಉಳಿವು ನಿಂತಿದೆ ಎಂಬುದನ್ನು ವಿವರಿಸುವುದಷ್ಟೇ ಉದ್ದೇಶ.

ಬಿತ್ತದೆ ಬೆಳೆಯುವುದೆಲ್ಲ ಕಳೆಯೇ ಅಲ್ಲವೇ?

ಬೆಳೆಯ ಸಾಲಿನೊಳಗೆ ನೀರು, ಬೆಳಕು ಮತ್ತು ಗೊಬ್ಬರಕ್ಕೆ ಪೈಪೋಟಿ ನೀಡುವ ಗಿಡವನ್ನು ಕಳೆ ಎಂದು ತೆಗೆಯುವುದು ಸರಿಯೇ. ಆದರೆ ಅದೇ ಗಿಡ ಬದುವಿನ ಮೇಲಿದ್ದಾಗ ಅದರ ಲೆಕ್ಕ ಬೇರೆಯಾಗುತ್ತದೆ. ತುಂಬೆ, ಉತ್ತರಾಣಿ, ಅಣ್ಣೆಸೊಪ್ಪು, ನೆಗ್ಗಿಲು, ತಂಗಡಿ, ಎಕ್ಕ, ಲಕ್ಕಿ, ಗರಿಕೆ ಇವೆಲ್ಲ ನಮ್ಮ ಬದುಗಳಲ್ಲಿ ತಲೆತಲಾಂತರದಿಂದ ಬೆಳೆದುಬಂದ ಗಿಡಗಳು. ಮಳೆ ಬಿದ್ದ ಮೇಲೆ ಹೆಂಗಸರು ಬೆರಕೆ ಸೊಪ್ಪು ಕೀಳುವುದು ಹೊಲದೊಳಗೆ ಎಷ್ಟೋ ಬದುವಿನಲ್ಲೂ ಅಷ್ಟೇ. ಗಣಿಕೆ, ಹೊನಗೊನ್ನೆ, ಗೋಣಿಸೊಪ್ಪು, ಎಳೆಯ ಅಣ್ಣೆಸೊಪ್ಪು ಸೇರಿದರೆ ಒಂದು ಹೊತ್ತಿನ ಮಸ್ಸೊಪ್ಪಿಗೆ ಸಾಲುತ್ತದೆ. ಬದುವಿಗೆ ಕಳೆನಾಶಕ ಸಿಂಪಡಿಸುವ ಅಭ್ಯಾಸ ಬಂದ ಕಡೆ ಮೊದಲು ನಿಲ್ಲುವುದು ಈ ಸೊಪ್ಪು ಕೀಳುವ ಕೆಲಸ, ಏಕೆಂದರೆ ಸಿಂಪಡಿಸಿದ ಜಾಗದ ಸೊಪ್ಪನ್ನು ಯಾರೂ ಧೈರ್ಯವಾಗಿ ತಿನ್ನಲಾರರು. ಇದನ್ನು ಸಣ್ಣ ನಷ್ಟವೆಂದು ನಾನು ಭಾವಿಸುವುದಿಲ್ಲ.

ಈ ಗಿಡಗಳಲ್ಲಿ ಹಲವು ಚಿಟ್ಟೆಗಳ ಮರಿಹುಳುಗಳಿಗೂ ಆಹಾರ. ಎಕ್ಕದ ಎಲೆ ಇಲ್ಲದಿದ್ದರೆ ಕಿತ್ತಳೆ ಬಣ್ಣದ, ರೆಕ್ಕೆಯ ತುದಿ ಕಪ್ಪಾಗಿರುವ ಹುಲಿಚಿಟ್ಟೆ ಮೊಟ್ಟೆಯಿಡಲು ಜಾಗ ಹುಡುಕಬೇಕಾಗುತ್ತದೆ. ತಂಗಡಿ ಮತ್ತು ಅದರ ಬಳಗದ ಗಿಡಗಳ ಮೇಲೆ ತಿಳಿಹಳದಿಯ ಚಿಟ್ಟೆಗಳು ಬೆಳೆಯುತ್ತವೆ. ಬೇಲಿಗೆ ಹಬ್ಬುವ ಈಶ್ವರಿ ಬಳ್ಳಿಯನ್ನು ಕೆಂಪುದೇಹದ ಕಪ್ಪು ಚಿಟ್ಟೆ ಆಶ್ರಯಿಸುತ್ತದೆ. ಮಕರಂದವನ್ನು ಹತ್ತಾರು ಹೂಗಳಿಂದ ಹೀರಬಲ್ಲ ಚಿಟ್ಟೆ ಮೊಟ್ಟೆಯಿಡಲು ಮಾತ್ರ ಒಂದೆರಡು ಗಿಡಗಳನ್ನೇ ನಂಬಿರುತ್ತದೆ.

ಬದುವನ್ನು ಆಶ್ರಯಿಸಿರುವ ಪರಾಗಸ್ಪರ್ಶಿಗಳು ಯಾವುವು? ಜೇನು ಮರದಲ್ಲಿ ತಾನೇ ಗೂಡು ಕಟ್ಟುವುದು?

ಹೆಜ್ಜೇನು ಎತ್ತರದ ಮರ ಮತ್ತು ಬಂಡೆಗಳಲ್ಲಿಯೂ, ತುಡುವೆ ಪೊಟರೆಗಳಲ್ಲಿಯೂ ಗೂಡು ಕಟ್ಟುತ್ತವೆ ಎಂಬುದು ನಿಜ. ಆದರೆ ಕೋಲುಜೇನು ಬೇಲಿಯ ಪೊದೆಯೊಳಗೆ, ಸಣ್ಣ ಕೊಂಬೆಗೆ ಒಂದೇ ಎರಿಯನ್ನು ಕಟ್ಟಿಕೊಂಡು ಬದುಕುತ್ತದೆ. ಕುಟುಕದ ಮುಜಂಟಿ ಹಳೆಯ ಗೋಡೆ, ಮರದ ಬಿರುಕುಗಳನ್ನು ಹಿಡಿಯುತ್ತದೆ. ಇವು ನಾಲ್ಕನ್ನು ಮಾತ್ರ ನಾವು ಜೇನು ಎಂದು ಗುರುತಿಸುತ್ತೇವೆ.

ಇವುಗಳ ಆಚೆಗೆ, ಜೇನುತುಪ್ಪ ಕೂಡಿಡದ, ಒಂಟಿಯಾಗಿ ಬದುಕುವ ಜೇನುಕುಲದ ಕೀಟಗಳ ದೊಡ್ಡ ಸಮುದಾಯವೇ ಇದೆ. ಜಗತ್ತಿನಲ್ಲಿ ಇದುವರೆಗೆ ಹೆಸರಿಸಲಾಗಿರುವ ಸುಮಾರು 20,000 ಜೇನು ಪ್ರಭೇದಗಳಲ್ಲಿ ಹೆಚ್ಚಿನವು ಈ ಒಂಟಿ ಜೀವಿಗಳೇ, ಮತ್ತು ಅವುಗಳಲ್ಲಿ ಬಹುಪಾಲು ನೆಲದಲ್ಲಿ ಬಿಲ ಕೊರೆದು ಮರಿ ಮಾಡುತ್ತವೆ. ಉಳುಮೆಯಾಗದ, ನೀರು ನಿಲ್ಲದ, ಅಲ್ಲಲ್ಲಿ ಮಣ್ಣು ಕಾಣುವ ಇಳಿಜಾರು ಅವುಗಳಿಗೆ ಬೇಕು. ಒಂದು ಊರಿನ ಸಾಗುವಳಿ ಜಮೀನಿನಲ್ಲಿ ಇಂಥ ಜಾಗ ಬದುವನ್ನು ಬಿಟ್ಟರೆ ಬೇರೆಲ್ಲಿಯೂ ಸಿಗುವುದು ಕಷ್ಟ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ, ಒಂದು ಹೂವಿನಿಂದ ಇನ್ನೊಂದಕ್ಕೆ ಚಿಮ್ಮುವಂತೆ ಹಾರುವ ನೀಲಿಪಟ್ಟೆ ಜೇನು ಮಣ್ಣಿನಲ್ಲಿ ಗೂಡು ಮಾಡುವ ಗುಂಪಿಗೆ ಸೇರಿದ್ದು. ಎಲೆಗಳನ್ನು ದುಂಡಗೆ ಕತ್ತರಿಸಿ ಒಯ್ಯುವ ಎಲೆಕತ್ತರಿ ಜೇನು ರಂಧ್ರ ಮತ್ತು ಟೊಳ್ಳುಗಳಲ್ಲಿ ಮರಿ ಮಾಡುತ್ತದೆ. ದೊಡ್ಡ ಕಪ್ಪು ದುಂಬಿ ಒಣಮರವನ್ನೂ ಬದುವಿನ ಕತ್ತಾಳೆಯ ಒಣಗಿದ ಹೂಕಂಬವನ್ನೂ ಕೊರೆದು ವಾಸಿಸುತ್ತದೆ. ಅದರ ಪುಟ್ಟ ದಾಯಾದಿಗಳಿಗೆ ಒಳಗೆ ಮೆತ್ತನೆಯ ತಿರುಳಿರುವ ಒಣ ಕಡ್ಡಿ ಸಾಕು. ಹೀಗಾಗಿ ಸತ್ತ ಗಿಡವೆಂದು ನಾವು ಕಿತ್ತೆಸೆಯುವ ಕಡ್ಡಿಯೊಳಗೆ ಮುಂದಿನ ವರ್ಷದ ದುಂಬಿಗಳಿರುವ ಸಾಧ್ಯತೆ ಇದೆ.

ಹೆಜ್ಜೇನು ಕೆಲವು ಕಿಲೋಮೀಟರ್ ದೂರದ ಹೂವಿಗೂ ಹೋಗಿಬರಬಲ್ಲದು. ಸಣ್ಣ ಒಂಟಿ ಜೇನುಗಳು ಮತ್ತು ಮುಜಂಟಿಗಳ ಹಾರಾಟ ಕೆಲವು ನೂರು ಮೀಟರ್‌ಗಳಿಗೆ ಮುಗಿಯುತ್ತದೆ. ನಿಮ್ಮ ಬದು ಬೋಳಾದರೆ ಹೆಜ್ಜೇನು ಬೇರೆಡೆ ಹೋದೀತು, ಇವು ಹೋಗಲಾರವು.

ನಾನು ರಾಗಿ ಬೆಳೆಯುತ್ತೇನೆ. ರಾಗಿಗೆ ಜೇನು ಬೇಕಿಲ್ಲವಲ್ಲ?

ಬೇಕಿಲ್ಲ. ರಾಗಿ ತನ್ನಷ್ಟಕ್ಕೆ ತಾನೇ ಕಾಳುಕಟ್ಟುತ್ತದೆ. ಭತ್ತ, ಜೋಳ, ಮುಸುಕಿನಜೋಳಗಳಿಗೂ ಜೇನಿನ ಹಂಗಿಲ್ಲ. ಆದರೆ ನಮ್ಮ ರಾಗಿ ಹೊಲ ಎಂದೂ ರಾಗಿಯದಷ್ಟೇ ಆಗಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಹಾಕುವ ಕ್ರಮ ಇಂದಿಗೂ ಪೂರ್ತಿ ಅಳಿದಿಲ್ಲ. ಹುಚ್ಚೆಳ್ಳಿನ ಗಿಡ ತನ್ನದೇ ಪರಾಗದಿಂದ ಕಾಳುಕಟ್ಟುವುದು ತೀರ ಕಡಿಮೆ. ಒಂದು ಗಿಡದ ಪರಾಗವನ್ನು ಇನ್ನೊಂದು ಗಿಡಕ್ಕೆ ಕೀಟ ತಲುಪಿಸಲೇಬೇಕು. ಸೂರ್ಯಕಾಂತಿಯ ತೆನೆಯ ನಡುವೆ ಜೊಳ್ಳು ಹೆಚ್ಚಾಗುವುದಕ್ಕೆ ಜೇನಿನ ಕೊರತೆಯೂ ಒಂದು ಕಾರಣ. ಕುಂಬಳ, ಸೌತೆ, ಹೀರೆ, ಹಾಗಲಗಳಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ ಆಗಿರುವುದರಿಂದ ಕೀಟವಿಲ್ಲದೆ ಕಾಯಿಯೇ ನಿಲ್ಲದು. ಬದನೆ ಮತ್ತು ಟೊಮೆಟೊ ಹೂಗಳಲ್ಲಿ ಪರಾಗವು ಕೊಳವೆಯಂಥ ಕೇಸರದೊಳಗೆ ಅಡಗಿರುತ್ತದೆ. ಹೂವನ್ನು ಹಿಡಿದು ಮೈ ಕಂಪಿಸುವ ನೀಲಿಪಟ್ಟೆ ಜೇನು ಮತ್ತು ಕಪ್ಪು ದುಂಬಿಗಳು ಅದನ್ನು ಉದುರಿಸಬಲ್ಲವು, ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಆ ಕೆಲಸ ಬರುವುದಿಲ್ಲ. ಆದ್ದರಿಂದ ಹೊಲಕ್ಕೆ ಜೇನುಪೆಟ್ಟಿಗೆ ತಂದಿಟ್ಟ ಮಾತ್ರಕ್ಕೆ ಬದುವಿನ ಕೀಟಗಳು ಬೇಡವಾಗುವುದಿಲ್ಲ.

2007ರಲ್ಲಿ ಪ್ರಕಟವಾದ ಜಾಗತಿಕ ಪರಿಶೀಲನೆಯೊಂದು ಮುಖ್ಯವಾದ 115 ಆಹಾರ ಬೆಳೆಗಳಲ್ಲಿ 87 ಬೆಳೆಗಳು ಒಂದಲ್ಲ ಒಂದು ಪ್ರಮಾಣದಲ್ಲಿ ಪ್ರಾಣಿ-ಕೀಟಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆ ಎಂದು ತೋರಿಸಿತು. ತೂಕದ ಲೆಕ್ಕದಲ್ಲಿ ಜಗತ್ತಿನ ಹೆಚ್ಚಿನ ಆಹಾರ ಕೀಟವಿಲ್ಲದೆಯೇ ಬೆಳೆಯುವ ಧಾನ್ಯಗಳಿಂದ ಬರುತ್ತದೆ ಎಂಬುದನ್ನೂ ಅದೇ ಪರಿಶೀಲನೆ ಹೇಳಿದೆ. ಎರಡನ್ನೂ ಒಟ್ಟಿಗೆ ನೆನಪಿಡಬೇಕು: ಹೊಟ್ಟೆ ತುಂಬಿಸುವುದು ಧಾನ್ಯವಾದರೆ, ತಟ್ಟೆಯಲ್ಲಿನ ಎಣ್ಣೆ, ತರಕಾರಿ, ಹಣ್ಣುಗಳ ಬಹುಭಾಗ ಕೀಟಗಳ ಕೆಲಸದ ಮೇಲೆ ನಿಂತಿದೆ.

ಬೆಳೆ ಹೂಬಿಟ್ಟಾಗ ಜೇನಿಗೆ ಆಹಾರ ಸಿಗುತ್ತದೆ. ಮತ್ತೆ ಬದುವಿನ ಹೂವೇಕೆ?

ಸೂರ್ಯಕಾಂತಿ ಹೊಲದ ಹೂವಿನ ಕಾಲ ಕೆಲವೇ ವಾರಗಳದ್ದು. ಅದಕ್ಕೆ ಮೊದಲೂ ಆಮೇಲೂ ಜೇನು ಬದುಕಿರಬೇಕಲ್ಲವೇ? ಮುಂಗಾರಿನ ಮೊದಲ ಮಳೆಗಳ ನಂತರ ಅರಳತೊಡಗುವ ಬದುವಿನ ಗಿಡಗಳು ಆಗಸ್ಟ್‌ನಿಂದ ನವೆಂಬರ್‌ವರೆಗೆ ಒಂದಾದ ಮೇಲೊಂದು ಹೂ ಕೊಡುತ್ತವೆ. ತುಂಬೆಯ ಒಂದೊಂದು ಬಿಳಿ ಹೂವೂ ಚಿಕ್ಕದು, ಆದರೆ ಗಿಡದ ತುಂಬ ಹೊಸ ಹೂ ಬರುತ್ತಲೇ ಇರುವುದರಿಂದ ಅದರ ಸುತ್ತ ಜೇನು ಮತ್ತು ಚಿಟ್ಟೆಗಳು ತಪ್ಪುವುದಿಲ್ಲ. ತಂಗಡಿ ಮಳೆ ಕಡಿಮೆಯಾದ ತಿಂಗಳುಗಳಲ್ಲೂ ಹಳದಿ ಹೂ ಹೊತ್ತು ನಿಲ್ಲುತ್ತದೆ. ಅದರಲ್ಲಿ ಮಕರಂದವಿಲ್ಲದಿದ್ದರೂ ಪರಾಗಕ್ಕಾಗಿ ದುಂಬಿಗಳು ಬರುತ್ತವೆ. ಬೇಸಿಗೆಯಲ್ಲಿ ಬದುವಿನ ಹೊಂಗೆ ಮರ ಹೂಬಿಟ್ಟಾಗ ಅದರ ಕೆಳಗೆ ನಿಂತವರಿಗೆ ಜೇನಿನ ಮೊರೆತ ಕೇಳಿಸಿಯೇ ಇರುತ್ತದೆ.

ಕಳೆನಾಶಕ ಹೊಡೆಯುವುದು ಗಿಡಕ್ಕೆ. ಅದರಿಂದ ಜೇನು ಸಾಯುತ್ತದೆಯೇ?

ಕೀಟನಾಶಕ ಬಿದ್ದಾಗ ಸಾಯುವಂತೆ ಸಾಮಾನ್ಯವಾಗಿ ಅಲ್ಲಿಯೇ ಸಾಯುವುದಿಲ್ಲ. ಕಳೆನಾಶಕದ ದೊಡ್ಡ ಹಾನಿ ಹಸಿವಿನ ದಾರಿಯಿಂದ ಬರುತ್ತದೆ: ಹೂವು ಹೋಗುತ್ತದೆ, ಎಲೆ ತಿನ್ನುವ ಮರಿಹುಳುಗಳ ಆಹಾರ ಹೋಗುತ್ತದೆ, ನೆರಳು ಹೋಗಿ ನೆಲ ಕಾಯುತ್ತದೆ.

ನೇರ ಪರಿಣಾಮವೇ ಇಲ್ಲವೆಂದೂ ಹೇಳಲಾಗದು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಗ್ಲೈಫೋಸೇಟ್, ಗಿಡಗಳು ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಲು ಬಳಸುವ ಕಿಣ್ವವೊಂದನ್ನು ತಡೆದು ಗಿಡವನ್ನು ಕೊಲ್ಲುತ್ತದೆ. ಆ ಕಿಣ್ವ ಪ್ರಾಣಿ-ಕೀಟಗಳ ದೇಹದಲ್ಲಿಲ್ಲ. ಆ ಕಾರಣಕ್ಕೆ ಅದು ಜೇನಿಗೆ ನಿರಪಾಯಕಾರಿ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಜೇನಿನ ಕರುಳಿನಲ್ಲಿ ವಾಸಿಸುವ ಉಪಕಾರಿ ಬ್ಯಾಕ್ಟೀರಿಯಾಗಳಲ್ಲಿ ಆ ಕಿಣ್ವ ಇದೆ. ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ಲೈಫೋಸೇಟ್‌ಗೆ ಒಡ್ಡಿದ ಜೇನುಗಳ ಕರುಳಿನ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ, ಎಳೆಯ ಜೇನುಗಳು ರೋಗಾಣುಗಳಿಗೆ ಸುಲಭವಾಗಿ ತುತ್ತಾದದ್ದು ಕಂಡುಬಂತು. ಅದು ವಿದೇಶಿ ಮೂಲದ ಸಾಕುಜೇನಿನ ಮೇಲೆ ನಡೆದ ಅಧ್ಯಯನ. ನಮ್ಮ ತುಡುವೆಗೂ ಅದೇ ಪ್ರಮಾಣದ ಹಾನಿ ಎಂದು ಅದರಿಂದ ತೀರ್ಮಾನಿಸುವಂತಿಲ್ಲ, ಆದರೆ ಎಚ್ಚರಕ್ಕೆ ಅಷ್ಟು ಸಾಕು.

ಬೇರೆ ಬೇರೆ ಕಳೆನಾಶಕಗಳಿಂದ ಗಿಡಗಳ ಮೇಲೆ ಆಗುವ ಪರಿಣಾಮದಲ್ಲಿ ವ್ಯತ್ಯಾಸವಿದೆಯೇ?

ಇದೆ, ಮತ್ತು ಆ ವ್ಯತ್ಯಾಸ ವರ್ಷಗಳು ಕಳೆದಂತೆ ಬದುವಿನ ಸ್ವರೂಪವನ್ನೇ ಬದಲಿಸುತ್ತದೆ. 2,4-ಡಿ ಎಂಬುದು ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲನ್ನು ಉಳಿಸುತ್ತದೆ. ಜೇನಿಗೆ ಬೇಕಾದ ಹೂಗಿಡಗಳೆಲ್ಲ ಬಹುತೇಕ ಅಗಲ ಎಲೆಯವೇ ಆದ್ದರಿಂದ, ಇದನ್ನು ಮತ್ತೆ ಮತ್ತೆ ಬಳಸಿದ ಬದು ನೋಡಲು ಹಸಿರಾಗಿದ್ದರೂ ಹೂವಿಲ್ಲದ ಹುಲ್ಲುಪಟ್ಟಿಯಾಗುತ್ತದೆ. ಗಾಳಿಯಲ್ಲಿ ತೇಲಿಹೋದ ಇದರ ಹನಿಗಳು ಪಕ್ಕದ ಹತ್ತಿ, ಟೊಮೆಟೊ, ದ್ರಾಕ್ಷಿಯ ಎಲೆಗಳನ್ನು ಮುರುಟಿಸುವುದೂ ಉಂಟು. ಗ್ಲೈಫೋಸೇಟ್ ಹುಲ್ಲು, ಹೂಗಿಡ ಎಂಬ ಭೇದವಿಲ್ಲದೆ ಬೇರುಸಹಿತ ಒಣಗಿಸುತ್ತದೆ. ಹಾಗೆ ಖಾಲಿಯಾದ ನೆಲಕ್ಕೆ ಮೊದಲು ಬಂದು ಕೂರುವುದು ಬೇಗ ಮೊಳೆತು ಬೇಗ ಬೀಜ ಉದುರಿಸುವ ಗಿಡಗಳು, ನಮ್ಮಲ್ಲಿ ಬಹಳ ಕಡೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ. ಗರಿಕೆಯ ಬೇರು ಸತ್ತ ಬದುವಿನ ಮಣ್ಣನ್ನು ಮುಂದಿನ ಜೋರುಮಳೆ ಕೊಚ್ಚಿಕೊಂಡು ಹೋಗುತ್ತದೆ ಎಂಬುದು ಬೇರೆಯೇ ನಷ್ಟ. ಪ್ಯಾರಾಕ್ವಾಟ್ ಎಲೆಯನ್ನು ಮಾತ್ರ ಸುಡುತ್ತದೆಯಾದರೂ ಮನುಷ್ಯರ ಹೊಟ್ಟೆಗೆ ಹೋದರೆ ಅದಕ್ಕೆ ಮದ್ದಿಲ್ಲ. ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪಾಯ.

ಗ್ಲೈಫೋಸೇಟ್ ಸಿಂಪಡಣೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ಸದ್ಯದ ನಿಯಮವೇನೆಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಹಾಗಾದರೆ ಕುಡುಗೋಲಿನಿಂದ ಅಥವಾ ಕಳೆ ಕತ್ತರಿಸುವ ಯಂತ್ರದಿಂದ ಕೊಯ್ದರೆ ತೊಂದರೆಯಿಲ್ಲವೇ?

ಕೊಯ್ದ ಗಿಡ ಮತ್ತೆ ಚಿಗುರುತ್ತದೆ, ಬೇರು ಮಣ್ಣನ್ನು ಹಿಡಿದಿರುತ್ತದೆ, ದನಕ್ಕೆ ಮೇವೂ ಆಗುತ್ತದೆ. ಆದ್ದರಿಂದ ಇದು ಎಲ್ಲ ರೀತಿಯಲ್ಲೂ ಮೇಲಾದ ದಾರಿ. ಆದರೆ ಇಡೀ ಬದುವನ್ನು ಒಂದೇ ದಿನ ನೆಲಮಟ್ಟಕ್ಕೆ ಬೋಳಿಸಿದರೆ, ಆ ದಿನದ ಮಟ್ಟಿಗೆ ಜೇನಿನ ಪಾಲಿಗೆ ಕಳೆನಾಶಕಕ್ಕೂ ಕುಡುಗೋಲಿಗೂ ವ್ಯತ್ಯಾಸವಿರುವುದಿಲ್ಲ. ಯಂತ್ರ ಬಂದ ಮೇಲೆ ಈ ಸಮಸ್ಯೆ ಹೆಚ್ಚಿದೆ: ಹಿಂದೆ ಕೈಯಲ್ಲಿ ದಿನಕ್ಕಿಷ್ಟು ಎಂದು ಕೊಯ್ಯುತ್ತಿದ್ದಾಗ ಒಂದು ತುದಿ ಮುಗಿಯುವಷ್ಟರಲ್ಲಿ ಇನ್ನೊಂದು ತುದಿ ಚಿಗುರಿರುತ್ತಿತ್ತು, ಈಗ ಎರಡು ಎಕರೆಯ ಸುತ್ತಲಿನ ಬದು ಒಂದೇ ಬೆಳಿಗ್ಗೆ ಮುಗಿಯುತ್ತದೆ.

ಒಂದು ಬದಿಯನ್ನು ಈಗ, ಎದುರು ಬದಿಯನ್ನು ಮೂರು-ನಾಲ್ಕು ವಾರಗಳ ನಂತರ ಕೊಯ್ಯಿರಿ. ಒಂದು ಗೇಣಿನಷ್ಟಾದರೂ ಬುಡ ಉಳಿಯಲಿ. ಬಿತ್ತನೆಯ ಮೊದಲು, ಅಂದರೆ ಮೇ-ಜೂನ್‌ನಲ್ಲಿ ಬೆಳೆಯ ಅಂಚನ್ನು ಸ್ವಚ್ಛಗೊಳಿಸುವುದರಿಂದ ಹೂವಿಗೆ ಅಷ್ಟು ನಷ್ಟವಿಲ್ಲ. ಆಗಸ್ಟ್‌ನಿಂದ ನವೆಂಬರ್‌ವರೆಗಿನ ಕಾಲವೇ ನಾಜೂಕಾದದ್ದು. ಆಗ ಓಡಾಡುವ ದಾರಿ ಮತ್ತು ಬೆಳೆಗೆ ಒರಗುವ ಗಿಡಗಳಿಗಷ್ಟೇ ಕುಡುಗೋಲು ಸೀಮಿತವಾಗಿದ್ದರೆ ಒಳ್ಳೆಯದು. ತುಂಬೆಯಂಥ ಗಿಡಗಳು ಬೀಜ ಉದುರಿಸಿದ ಮೇಲೆ ಕೊಯ್ದರೆ ಮುಂದಿನ ವರ್ಷಕ್ಕೂ ಅವು ಇರುತ್ತವೆ.

ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಇಡುವುದು ಸುಲಭವಲ್ಲವೇ?

ಸುಲಭ, ಆದರೆ ಇದಕ್ಕಿಂತ ಹೆಚ್ಚು ಹಾನಿಯ ವಿಧಾನ ಇನ್ನೊಂದಿಲ್ಲ. ಕಡ್ಡಿಗಳೊಳಗಿನ ಮರಿಗಳು, ಎಲೆಕಸದಲ್ಲಿರುವ ಚಿಟ್ಟೆಯ ಕೋಶಗಳು, ಮೇಲ್ಮಣ್ಣಿನ ಬೀಜಗಳು ಒಟ್ಟಿಗೆ ಹೋಗುತ್ತವೆ, ಮತ್ತು ಗಾಳಿ ಬೀಸಿದರೆ ಬೆಂಕಿ ಪಕ್ಕದವರ ಬಣವೆಗೆ ತಲುಪುತ್ತದೆ. ದಯವಿಟ್ಟು ಮಾಡಬೇಡಿ.

ಪಾರ್ಥೇನಿಯಂ ಕೂಡ ಹೂ ಬಿಡುತ್ತದೆ. ಅದನ್ನೂ ಉಳಿಸಬೇಕೇ?

ಇಲ್ಲ. ಕಾಂಗ್ರೆಸ್ ಕಳೆ ಎಂದೂ ಕರೆಯುವ ಈ ಗಿಡದ ವಿಷಯದಲ್ಲಿ ಕರುಣೆಗೆ ಕಾರಣವಿಲ್ಲ. ಅಮೆರಿಕ ಖಂಡದ ಈ ಗಿಡ 1950ರ ದಶಕದಲ್ಲಿ ಪುಣೆಯ ಆಸುಪಾಸಿನಲ್ಲಿ ಗಮನಕ್ಕೆ ಬಂದು ದೇಶದ ತುಂಬ ಹರಡಿತು. ಒಂದೇ ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ, ತನ್ನ ಬೇರು-ಎಲೆಗಳ ರಾಸಾಯನಿಕದಿಂದ ಸುತ್ತಲಿನ ಗಿಡಗಳ ಮೊಳಕೆಯನ್ನು ತಡೆಯುತ್ತದೆ, ಮುಟ್ಟಿದವರಿಗೆ ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುತ್ತದೆ. ಬದುವಿನ ಕಾಡುಗಿಡಗಳ ಮಟ್ಟಿಗೆ ಕಳೆನಾಶಕದಷ್ಟೇ ದೊಡ್ಡ ಶತ್ರು ಇದು.

ಬೆಳೆಗೂ ಇದರಿಂದ ನೇರ ಅಪಾಯವಿದೆ. 1997ರಲ್ಲಿ ಬಾಗೇಪಲ್ಲಿ ಭಾಗದಲ್ಲಿ ಮೊದಲು ಕಾಣಿಸಿಕೊಂಡ ಸೂರ್ಯಕಾಂತಿಯ ನೆಕ್ರೋಸಿಸ್ (ಎಲೆ, ಕಾಂಡ ಒಣಗಿ ಸಾಯುವ) ರೋಗಕ್ಕೆ ಕಾರಣವಾದ ವೈರಸ್, ಪಾರ್ಥೇನಿಯಂ ಗಿಡದಲ್ಲಿ ಯಾವ ಲಕ್ಷಣವನ್ನೂ ತೋರದೆ ಅಡಗಿರುತ್ತದೆ. ಅದರ ಪರಾಗದ ಮೂಲಕ, ಥ್ರಿಪ್ಸ್ ನುಸಿಗಳ ನೆರವಿನಿಂದ ವೈರಸ್ ಬೆಳೆಗೆ ದಾಟುತ್ತದೆ. ಹಾಗಾಗಿ ಸೂರ್ಯಕಾಂತಿ ಅಥವಾ ಶೇಂಗಾ ಹಾಕುವ ಮೊದಲು ಸುತ್ತಲಿನ ಪಾರ್ಥೇನಿಯಂ ತೆಗೆಯಲೇಬೇಕು.

ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂ ಬಿಡುವುದಕ್ಕೆ ಮೊದಲು, ಕೈಗವಸು ಹಾಕಿಕೊಂಡು, ಬಾಯಿ-ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇರುಸಹಿತ ಕೀಳಿರಿ. ಹೂ ಬಿಡದ ಗಿಡವನ್ನು ಗುಂಡಿಗೆ ಹಾಕಿ ಕಾಂಪೋಸ್ಟ್ ಮಾಡಬಹುದು. ಕಿತ್ತ ಜಾಗವನ್ನು ಖಾಲಿ ಬಿಡದೆ ತಂಗಡಿ, ಹುಚ್ಚೆಳ್ಳು ಅಥವಾ ಚೆಂಡುಹೂವಿನ ಬೀಜ ಚೆಲ್ಲಿದರೆ ಅದು ಮರಳುವುದು ಕಡಿಮೆಯಾಗುತ್ತದೆ. ಇದರ ಎಲೆ ತಿನ್ನುವ ಮೆಕ್ಸಿಕೋ ಮೂಲದ ದುಂಬಿಯೊಂದನ್ನು (ಇದು ಜೇನುಕುಲದ ಕಪ್ಪು ದುಂಬಿಯಲ್ಲ, ಗಟ್ಟಿರೆಕ್ಕೆಯ ಕೀಟ) 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು, ಮತ್ತು ಅದು ನೆಲೆಯೂರಿತು. ಮಳೆಗಾಲದಲ್ಲಿ ಜರಡಿಯಂತಾದ ಪಾರ್ಥೇನಿಯಂ ಎಲೆಗಳ ಮೇಲೆ, ಮೈಮೇಲೆ ಕಂದು ಗೆರೆಗಳಿರುವ ತಿಳಿಬಣ್ಣದ ದುಂಬಿ ಕಂಡರೆ ಅದು ನಮಗೆ ನೆರವಾಗುವ ಕೀಟ. ಆ ಗಿಡಗಳ ಮೇಲೆ ಕೀಟನಾಶಕ ಬೀಳದಂತೆ ನೋಡಿಕೊಳ್ಳಿ.

ಲಂಟಾನದಲ್ಲಿ ಚಿಟ್ಟೆಗಳು ತುಂಬಿರುತ್ತವೆ. ಅದು ಒಳ್ಳೆಯದಲ್ಲವೇ?

ಅದರ ಮಕರಂದಕ್ಕೆ ಚಿಟ್ಟೆಗಳು ಬರುವುದು ನಿಜ. ಆದರೆ ಅದು ಹಬ್ಬಿದ ಕಡೆ ಕೆಳಗೆ ಬೇರೇನೂ ಬೆಳೆಯುವುದಿಲ್ಲ, ದನ-ಕುರಿಗಳಿಗೆ ಅದರ ಎಲೆ ವಿಷ. ಒಮ್ಮೆಗೇ ಕಿತ್ತು ಬದುವನ್ನು ಬರಿದು ಮಾಡುವ ಬದಲು ಪ್ರತಿ ಮಳೆಗಾಲ ಒಂದಿಷ್ಟು ತೆಗೆದು ಆ ಜಾಗದಲ್ಲಿ ಲಕ್ಕಿ, ತಂಗಡಿ ಅಥವಾ ಹೊಂಗೆ ನೆಡುವುದು ಸೂಕ್ತ.

ಬದುವಿನ ಗಿಡಗಳಿಂದ ಬೆಳೆಗೆ ಕೀಟ, ರೋಗ ಬರುವುದಿಲ್ಲವೇ?

ಕೆಲವು ಗಿಡಗಳಿಂದ ಬರುತ್ತದೆ, ಅದನ್ನು ಮುಚ್ಚಿಡಬಾರದು. ಬಿಳಿನೊಣ, ಹಿಟ್ಟು ತಿಗಣೆಗಳು ಬೆಳೆಯಿಲ್ಲದ ಕಾಲದಲ್ಲಿ ಕಳೆಗಿಡಗಳ ಮೇಲೆ ಉಳಿಯುತ್ತವೆ. ಎಲೆಮುದುಡು, ಹಳದಿ ನಂಜಿನಂಥ ವೈರಸ್ ರೋಗಗಳಿಗೂ ಕೆಲವು ಕಳೆಗಳು ಆಸರೆ. ಟೊಮೆಟೊ, ಮೆಣಸಿನಕಾಯಿ, ಬೆಂಡೆ ಹಾಕುವವರು ಎಲೆಯಲ್ಲಿ ಹಳದಿ ನರ ಅಥವಾ ಮುದುಡು ಕಂಡ ಬದುವಿನ ಗಿಡವನ್ನು ತಕ್ಷಣ ಕಿತ್ತುಹಾಕಬೇಕು. ಅದೇ ಬದುವಿನ ಹೂಗಳಲ್ಲಿ ಸಸ್ಯಹೇನು ತಿನ್ನುವ ಮರಿಗಳ ತಾಯಿಯಾದ ಹೂನೊಣ, ಕಾಯಿಕೊರಕದ ಮೊಟ್ಟೆ-ಹುಳುಗಳನ್ನು ನಾಶಮಾಡುವ ಪುಟ್ಟ ಕಣಜಗಳು ಮಕರಂದ ಕುಡಿದು ಬದುಕುತ್ತವೆ. ರೋಗದ ಗಿಡವನ್ನು ಹುಡುಕಿ ತೆಗೆಯುವುದು ಶ್ರಮದ ಕೆಲಸವಾದರೂ, ರೋಗದ ಹೆಸರಿನಲ್ಲಿ ಈ ಮಿತ್ರಕೀಟಗಳನ್ನೂ ಓಡಿಸುವುದಕ್ಕಿಂತ ಅದು ವಾಸಿ.

ಬದುವಿಗೆ ಜಾಗ ಬಿಟ್ಟರೆ ಇಳುವರಿ ಕಡಿಮೆಯಾಗುವುದಿಲ್ಲವೇ?

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನ ಹಿಲ್ಸ್‌ಡನ್ ಎಂಬಲ್ಲಿ ದೊಡ್ಡ ಕೃಷಿಭೂಮಿಯೊಂದರ ಅಂಚುಗಳಲ್ಲಿ ಶೇ 8ರವರೆಗೆ ಜಾಗವನ್ನು ಹೂಗಿಡ ಮತ್ತು ವನ್ಯಜೀವಿಗಳಿಗೆ ಬಿಟ್ಟು ಹಲವು ವರ್ಷ ಗಮನಿಸಲಾಯಿತು. ಜಾಗ ಕಡಿಮೆಯಾದರೂ ಒಟ್ಟು ಇಳುವರಿ ಕುಗ್ಗಲಿಲ್ಲ, ಜೇನನ್ನು ಅವಲಂಬಿಸಿದ ಹುರುಳಿಕಾಯಿ ಜಾತಿಯ ಬೆಳೆಯಲ್ಲಿ ಹೆಚ್ಚಿತು ಎಂದು 2015ರಲ್ಲಿ ಪ್ರಕಟವಾದ ಫಲಿತಾಂಶ ಹೇಳುತ್ತದೆ. ಅಲ್ಲಿನ ಹೊಲಗಳು ವಿಶಾಲವಾದವು, ಬಿಟ್ಟದ್ದು ಹೇಗೂ ಕಡಿಮೆ ಬೆಳೆಯುವ ಅಂಚುಗಳನ್ನು. ಎರಡು ಎಕರೆಯ ರೈತರಿಗೆ ಆ ಲೆಕ್ಕವನ್ನು ಹಾಗೆಯೇ ಹೇಳುವುದು ನ್ಯಾಯವಲ್ಲ. ಆದರೆ ನಮ್ಮಲ್ಲಿ ಬದು ಈಗಾಗಲೇ ಇದೆ. ಹೊಸದಾಗಿ ಜಾಗ ಬಿಡಬೇಕಿಲ್ಲ. ವರ್ಷವರ್ಷವೂ ನೇಗಿಲು ಅಥವಾ ಟ್ರ್ಯಾಕ್ಟರ್‌ನಿಂದ ಅದನ್ನು ಕೆತ್ತಿ ಕಿರಿದಾಗಿಸದಿದ್ದರೆ ಸಾಕು.

ಕೂಲಿಯಾಳು ಸಿಗುವುದಿಲ್ಲ. ಸಿಂಪಡಿಸದೆ ಏನು ಮಾಡುವುದು?

ಈ ಪ್ರಶ್ನೆ ಕೇಳುವವರ ಕಷ್ಟ ನಿಜವಾದದ್ದು, ಮತ್ತು ಉಪದೇಶದಿಂದ ಅದು ಪರಿಹಾರವಾಗುವುದಿಲ್ಲ. ಬದುವಿನ ಅರ್ಧವನ್ನಷ್ಟೇ ಒಂದು ಸಲಕ್ಕೆ ಕೊಯ್ಯುವ ಕ್ರಮದಲ್ಲಿ ಆ ಸಲದ ಕೆಲಸವೂ ಅರ್ಧವಾಗುತ್ತದೆ. ಕುರಿ, ಮೇಕೆ, ದನ ಸಾಕುವ ನೆರೆಯವರಿಗೆ ಹುಲ್ಲು ಕೊಯ್ಯಲು ಬಿಟ್ಟರೆ ಇಬ್ಬರಿಗೂ ಅನುಕೂಲ. ಸಿಂಪಡಿಸಲೇಬೇಕಾದ ಪರಿಸ್ಥಿತಿಯಿದ್ದರೆ ಇಡೀ ಬದುವಿಗೆ ಹಾಯಿಸದೆ, ಗಾಳಿಯಿಲ್ಲದ ಸಂಜೆ, ಜೇನುಗಳು ಮರಳಿದ ಮೇಲೆ, ಹನಿ ಆಚೀಚೆ ಹಾರದಂತೆ ನಳಿಕೆಯ ಸುತ್ತ ಮರೆ ಕಟ್ಟಿ, ಕೀಳಲಾಗದ ಗಿಡಗಳಿಗೆ ಮಾತ್ರ ಪರವಾನಗಿ ಪಡೆದವರಿಂದ ಹಾಕಿಸಿ.

ಬದುವಿನಲ್ಲಿ ಗಿಡ ಬೆಳೆದರೆ ಹಾವಿನ ಭಯವಿದೆಯಲ್ಲ?

ಭಯ ಸಹಜ. ನಡೆದಾಡುವ ಕಡೆ ಎರಡು ಅಡಿ ಅಗಲದ ದಾರಿಯನ್ನು ಸದಾ ಗಿಡ್ಡವಾಗಿ ಕೊಯ್ದಿಡಿ, ಪಂಪ್‌ಸೆಟ್ ಮನೆಯ ಸುತ್ತ ಏನನ್ನೂ ಬೆಳೆಯಲು ಬಿಡಬೇಡಿ, ಕತ್ತಲಲ್ಲಿ ಟಾರ್ಚ್ ಮತ್ತು ಬೂಟು ಇಲ್ಲದೆ ಹೋಗಬೇಡಿ. ಹೂಗಿಡಗಳನ್ನು ಬದುವಿನ ಜನ ಓಡಾಡದ ಇಳಿಜಾರಿನಲ್ಲಿ ಉಳಿಸಿದರೆ ಸಾಕು.

ನಮ್ಮ ಬದುವಿನಲ್ಲಿ ಸುಧಾರಣೆಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಮಳೆ ನಿಂತ ಬಿಸಿಲು ದಿನ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ, ಹೂಬಿಟ್ಟ ತುಂಬೆಯ ಅಥವಾ ಹುಚ್ಚೆಳ್ಳಿನ ಒಂದು ಗುಂಪಿನ ಮುಂದೆ ಹತ್ತು ನಿಮಿಷ ಕುಳಿತು ಬಂದುಹೋಗುವ ಕೀಟಗಳನ್ನು ಎಣಿಸಿ. ಹೆಸರು ಗೊತ್ತಿಲ್ಲದಿದ್ದರೂ ಸರಿ. ದೊಡ್ಡ ಜೇನು, ಸಣ್ಣ ಜೇನು, ಕಪ್ಪು ದುಂಬಿ, ನೀಲಿಪಟ್ಟೆಯದು, ಚಿಟ್ಟೆ, ನೊಣ ಎಂದು ವಿಂಗಡಿಸಿ ಬರೆದಿಡಿ. ಅದೇ ತಿಂಗಳು, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮುಂದಿನ ವರ್ಷವೂ ಎಣಿಸಿ. ಒಂದು ವರ್ಷದ ಏರಿಳಿತಕ್ಕೆ ಮಳೆಯೂ ಕಾರಣವಾಗಿರಬಹುದು, ರೋಗವೂ ಕಾರಣವಾಗಿರಬಹುದು. 1990ರ ದಶಕದ ಆರಂಭದಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್‌ನಿಂದ ಕರ್ನಾಟಕದ ತುಡುವೆ ಕುಟುಂಬಗಳು ಅಪಾರವಾಗಿ ನಾಶವಾದದ್ದಕ್ಕೂ ಬದುವಿನ ಕಳೆಗೂ ಸಂಬಂಧವಿರಲಿಲ್ಲ. ಆದ್ದರಿಂದ ಮೂರು-ನಾಲ್ಕು ವರ್ಷದ ಎಣಿಕೆ ಕೈಗೆ ಬಂದ ಮೇಲಷ್ಟೇ ತೀರ್ಮಾನಿಸಿ, ಮತ್ತು ಸಾಧ್ಯವಿದ್ದರೆ ಎಂದಿನಂತೆ ಪೂರ್ತಿ ಕೊಯ್ಯುವ ಒಂದು ಬದುವನ್ನು ಹೋಲಿಕೆಗೆಂದು ಜೊತೆಯಲ್ಲೇ ಎಣಿಸಿ.